ಸಂತ ಥಾಮಸ್ ಮೋರರ ಅಂಬಿಗರು

1529ರಲ್ಲಿ ಅರಸ ಎಂಟನೆಯ ಹೆನ್ರಿಯು ಥಾಮಸ್ ಮೋರರನ್ನು ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಪದವಿಗೇರಿಸಿದನು. ನ್ಯಾಯಪೀಠದಲ್ಲಿ ಅವರು ಬಂಧುತ್ವಕ್ಕೆ ಮಣೆ ಹಾಕಲಿಲ್ಲ; ಸ್ವಂತ ಅಳಿಯ ಹೆರನ್ನನ ವ್ಯಾಜ್ಯದಲ್ಲಿಯೂ ಅವನ ವಿರುದ್ಧವೇ ತೀರ್ಪಿತ್ತರು. ಭಿನ್ನಮತೀಯರ ವಿಷಯದಲ್ಲಿ ಅವರು ಕಠೋರರಾಗಿದ್ದರೆಂಬುದನ್ನೂ ಮರೆಮಾಚಲಾಗದು. ಅರಸನು ಧರ್ಮಸಭೆಯ ಮೇಲೆ ಪ್ರಭುತ್ವ ಸ್ಥಾಪಿಸತೊಡಗಿದಾಗ ಅಂತಃಕರಣ ಒಪ್ಪದೆ, 1532ರ ಮೇ 16ರಂದು ರಾಜಮುದ್ರೆಯನ್ನು ಹಿಂದಿರುಗಿಸಿದರು. ಆದಾಯ ಕುಸಿಯಿತು. ತಮ್ಮ ತತ್ತ್ವನಿಷ್ಠೆಯ ಬೆಲೆಯನ್ನು ಕೈಕೆಳಗಿನವರಿಂದ ತೆರಿಸುವ ನಾಯಕರು ಎಷ್ಟೋ ಮಂದಿ. ಮೋರರು ಹಾಗೆ ಮಾಡಲಿಲ್ಲ. ಪರಿವಾರದವರಿಗೆ ಬಿಷಪರ, ಶ್ರೀಮಂತರ ಮನೆಗಳಲ್ಲಿ ಉದ್ಯೋಗ ಕೊಡಿಸಿದರು. ತಮ್ಮ ಎಂಟು ಮಂದಿ ಅಂಬಿಗರನ್ನು ದೋಣಿಯ ಸಮೇತ ಉತ್ತರಾಧಿಕಾರಿ ಆಡ್ಲಿಗೆ ಒಪ್ಪಿಸಿ, ಅವರ ಅನ್ನಕ್ಕೆ ದಾರಿ ಮಾಡಿದರು. ಅರಸನ ಪರಮಾಧಿಕಾರವನ್ನು ಒಪ್ಪದ ಕಾರಣ 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು.