ಪಿಂಚಣಿಗೆ ಬುನಾದಿ ಹಾಕಿದ ಬಿಸ್ಮಾರ್ಕ್

ಜರ್ಮನಿಯ ಏಕೀಕರಣದ ಶಿಲ್ಪಿಯೆಂದು ಪಠ್ಯಪುಸ್ತಕಗಳು ಪರಿಚಯಿಸುವ ಒಟ್ಟೊ ಫಾನ್ ಬಿಸ್ಮಾರ್ಕ್, ಯುರೋಪಿನ ಪಿಂಚಣಿ ವ್ಯವಸ್ಥೆಗೆ ಬುನಾದಿ ಹಾಕಿದವನೂ ಹೌದು. ಆದರೆ ಆ ಕಾರ್ಯಕ್ಕೆ ಅವನನ್ನು ಪ್ರೇರೇಪಿಸಿದ್ದು ಕೇವಲ ಕರುಣೆಯಲ್ಲ.

1815ರ ಏಪ್ರಿಲ್ 1ರಂದು ಷೋನ್‌ಹೌಸೆನ್ನಿನ ಭೂಮಾಲೀಕ ಮನೆತನದಲ್ಲಿ ಜನಿಸಿದ ಬಿಸ್ಮಾರ್ಕ್, 1862ರಲ್ಲಿ ಪ್ರಷ್ಯಾದ ಪ್ರಧಾನಿಯಾದನು. ಡೆನ್ಮಾರ್ಕ್, ಆಸ್ಟ್ರಿಯಾ ಹಾಗೂ ಫ್ರಾನ್ಸ್ ವಿರುದ್ಧದ ಯುದ್ಧಗಳ ಬಳಿಕ 1871ರಲ್ಲಿ ಜರ್ಮನ್ ಸಾಮ್ರಾಜ್ಯದ ಮೊದಲ ಚಾನ್ಸಲರ್ ಆದನು. ಹೊರಗಿನ ವೈರಿಗಳನ್ನು ಗೆದ್ದವನಿಗೆ ಕಾರ್ಖಾನೆಗಳಲ್ಲಿ ಬೆಳೆಯುತ್ತಿದ್ದ ಸಮಾಜವಾದಿ ಚಳವಳಿ ಒಳಗಿನ ಸವಾಲಾಯಿತು. 1878ರಲ್ಲಿ ಕಾನೂನು ತಂದು ಅದರ ಸಂಘಟನೆ, ಸಭೆ, ಪತ್ರಿಕೆಗಳನ್ನು ನಿಷೇಧಿಸಿದನು. ದಂಡವೊಂದೇ ಸಾಲದೆಂದು ಅರಿತು ದಾನೋಪಾಯಕ್ಕೂ ಕೈಹಾಕಿದನು. 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಅಂಗವೈಕಲ್ಯ ಮತ್ತು ವೃದ್ಧಾಪ್ಯ ಪಿಂಚಣಿ ಕಾಯ್ದೆಗಳು ರೂಪುಗೊಂಡವು.

ಪಿಂಚಣಿಯ ವಯೋಮಿತಿ 70 ವರ್ಷ. ವಂತಿಗೆಯಲ್ಲಿ ಕಾರ್ಮಿಕ ಮತ್ತು ಮಾಲೀಕರದು ಸಮಪಾಲು. ಪ್ರತಿ ಪಿಂಚಣಿಗೆ ಸರ್ಕಾರದಿಂದ ವರ್ಷಕ್ಕೆ 50 ಮಾರ್ಕ್ ನೆರವು. ಆದರೂ ಜನ ಸಂಭ್ರಮಿಸಲಿಲ್ಲ. ದುಡಿದು ಸವೆದ ದೇಹ 70 ಕಾಣುವುದೇ ಅಪರೂಪವಾಗಿದ್ದ ಕಾಲವದು. ವಾರವಾರವೂ ಕಾರ್ಡಿಗೆ ವಂತಿಗೆಯ ಸ್ಟಾಂಪು ಹಚ್ಚಬೇಕಾಗಿದ್ದರಿಂದ ಅದನ್ನು ಅಂಟಿಸುವ ಕಾಯ್ದೆಯೆಂದು ಗೇಲಿ ಮಾಡಿದರು. ಸಂಸತ್ತಿನಲ್ಲಿ ಸಮಾಜವಾದಿಗಳು ವಿರುದ್ಧವಾಗಿ ಮತ ಚಲಾಯಿಸಿದರು. 1890ರ ಫೆಬ್ರವರಿಯ ಚುನಾವಣೆಯಲ್ಲಿ ಅವರಿಗೇ 14 ಲಕ್ಷಕ್ಕೂ ಅಧಿಕ ಮತಗಳು ಬಿದ್ದವು. ಕಾರ್ಮಿಕರ ನಿಷ್ಠೆಯನ್ನು ಗಳಿಸುವ ಲೆಕ್ಕಾಚಾರ ತಲೆಕೆಳಗಾಯಿತು.

ಮರುತಿಂಗಳೇ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ನೊಡನೆ ವಿರಸ ಬೆಳೆದು ಬಿಸ್ಮಾರ್ಕ್ ಪದತ್ಯಾಗ ಮಾಡಬೇಕಾಯಿತು. 1891ರ ಜನವರಿ 1ರಂದು ಪಿಂಚಣಿ ಕಾಯ್ದೆ ಜಾರಿಯಾದಾಗ ಅವನು ಅಧಿಕಾರದಲ್ಲಿರಲಿಲ್ಲ. 1898ರ ಜುಲೈ 30ರಂದು ಫ್ರೀಡ್ರಿಕ್ಸ್‌ರೂನಲ್ಲಿ ನಿಧನನಾದನು.

ಅವನು ಕಾಣದ ಫಲವನ್ನು ಮುಂದಿನ ತಲೆಮಾರುಗಳು ಕಂಡವು. 1916ರಲ್ಲಿ ವಯೋಮಿತಿ 65ಕ್ಕೆ ಇಳಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌವರ್ ಪಿಂಚಣಿಯನ್ನು ಕೂಲಿಯ ಏರಿಕೆಗೆ ಜೋಡಿಸಿದರು. ಅದೇ ವರ್ಷ ಭಾರಿ ಬಹುಮತದಿಂದ ಗೆದ್ದರು. ಆಯುಷ್ಯ ಹೆಚ್ಚಿ ಜನನ ಪ್ರಮಾಣ ಕುಗ್ಗಿದಾಗ ಚಕ್ರ ಹಿಂದಕ್ಕೆ ತಿರುಗಿತು. ವಯೋಮಿತಿಯನ್ನು ಹಂತಹಂತವಾಗಿ 67ಕ್ಕೆ ಏರಿಸಲು ಜರ್ಮನಿ 2007ರಲ್ಲಿ ಕಾನೂನು ಮಾಡಿತು. ಕಾರ್ಮಿಕ ಸಂಘಗಳು ಪ್ರತಿಭಟಿಸಿದವು. 2023ರಲ್ಲಿ ಫ್ರಾನ್ಸ್ 62ನ್ನು 64ಕ್ಕೆ ಏರಿಸಹೊರಟಾಗ ಲಕ್ಷಾಂತರ ಜನ ಬೀದಿಗಿಳಿದರು.

ಒಂದು ಕಾಲಕ್ಕೆ ಜನ ಶಂಕಿಸಿದ ಪಿಂಚಣಿ ಇಂದು ಅವರು ಬಿಟ್ಟುಕೊಡಲೊಲ್ಲದ ಹಕ್ಕು. ದುಡಿಮೆಯ ಪಾಲನ್ನು ತೆತ್ತವರು ಅದನ್ನು ಪ್ರಭುವಿನ ಕೃಪೆಯೆಂದು ಭಾವಿಸುವುದಿಲ್ಲ. ಕೊಡುಗೆಯಾಗಿ ನೀಡಿದ್ದನ್ನು ಗಳಿಕೆಯಾಗಿ ಮಾಡಿದ್ದು ಬಿಸ್ಮಾರ್ಕನ ಕಾಯ್ದೆಯಲ್ಲಿದ್ದ ಆ ವಂತಿಗೆಯೇ.