ನೇಗಿಲು ಬಿಟ್ಟು ಬಂದ ಎಲೀಷ

ಈ ಸಲ ನಾನು ಪ್ರವಾದಿ ಎಲೀಷನ ಬಗ್ಗೆ ಬರೆದಿದ್ದೇನೆ. ಇವನ ಕಥೆ ಹೀಬ್ರೂ ಧರ್ಮಗ್ರಂಥದಲ್ಲಿದೆ. ದೇಶ ಇಸ್ರಾಯೇಲ್, ಕಾಲ ಕ್ರಿ.ಪೂ. 9ನೇ ಶತಮಾನ.

ಎಲೀಷ ರೈತರ ಮನೆಯವನು. ಹೊಲದಲ್ಲಿ 12 ಜೊತೆ ಎತ್ತು ಉಳುತ್ತಿದ್ದವು. 12ನೇ ಜೊತೆಯ ಹಿಂದೆ ಇವನಿದ್ದ. ಹಿರಿಯ ಪ್ರವಾದಿ ಎಲೀಯ ಬಂದು ತನ್ನ ಕಂಬಳಿಯನ್ನು ಇವನ ಮೇಲೆ ಹಾಕಿದ. ಅದೇ ಕರೆ! ಎಲೀಷ ಒಂದು ಜೊತೆ ಎತ್ತನ್ನು ಕೊಯ್ದು, ನೊಗದ ಕಟ್ಟಿಗೆಯಲ್ಲೇ ಬೇಯಿಸಿ, ಜನಕ್ಕೆ ಊಟ ಹಾಕಿ ಗುರುವಿನ ಹಿಂದೆ ಹೊರಟ.

ಎಲೀಯ ಹೋಗುವ ದಿನ ಬಂತು. ಹಿರಿಮಗನಿಗೆ ಸಿಗುವಂತೆ ಗುರುವಿನ ಆತ್ಮಶಕ್ತಿಯಲ್ಲಿ ಎರಡು ಪಾಲು ಬೇಕೆಂದು ಎಲೀಷ ಕೇಳಿಕೊಂಡ. ಅದು ಕಷ್ಟ, ತಾನು ಹೋಗುವುದನ್ನು ಕಂಡರೆ ಮಾತ್ರ ಸಿಗುತ್ತದೆ ಅಂತ ಎಲೀಯ ತಿಳಿಸಿದ. ಎಲೀಷ ಕಂಡ. ಸುಳಿಗಾಳಿಯಲ್ಲಿ ಗುರು ಮೇಲೆ ಹೋದ, ಕಂಬಳಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಂಡು ಯೊರ್ದನ್ ಹೊಳೆಗೆ ಹೊಡೆದ. ಗುರುವಿಗೆ ಆದ ಹಾಗೆಯೇ ನೀರು ಇಬ್ಭಾಗವಾಗಿ ದಾರಿ ಬಿಟ್ಟಿತು. ನೋಡುತ್ತಿದ್ದ ಯೆರಿಕೋ ಊರಿನ ಪ್ರವಾದಿಗಳು ಬಂದು ಅಡ್ಡಬಿದ್ದರು. ಆದರೂ ಮನಸ್ಸು ಕೇಳಬೇಕಲ್ಲ! 50 ಜನ 3 ದಿನ ಎಲೀಯನನ್ನೇ ಹುಡುಕಿದರು. ಸಿಗಲಿಲ್ಲ.

ಯೆರಿಕೋದಲ್ಲಿ ನೀರು ಕೆಟ್ಟಿತ್ತು. ಎಲೀಷ ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿ ಬುಗ್ಗೆಗೆ ಹಾಕಿದ, ದೇವರ ಮಾತಿನಂತೆ ನೀರು ಒಳ್ಳೆಯದಾಯಿತಂತೆ.

ನನಗೆ ಅನ್ನಿಸೋದು ಇಷ್ಟೇ. ಗುರುವಿನ ಕಂಬಳಿ ಹೊದ್ದವರೆಲ್ಲ ಗುರು ಆಗೋಲ್ಲ. ಹೊಳೆ ದಾರಿ ಬಿಟ್ಟಾಗ ದೇವರ ಒಪ್ಪಿಗೆ ಕಂಡಿತು. ಆ ಒಪ್ಪಿಗೆ ಸಿಕ್ಕಿದ್ದು ಮೆರೆಯೋಕಲ್ಲ, ಊರಿಗೆ ಕುಡಿಯೋ ನೀರು ಕೊಡೋಕೆ.