ಶುಶ್ರೂಷೆಯನ್ನು ಅಳೆದ ಫ್ಲಾರೆನ್ಸ್ ನೈಟಿಂಗೇಲ್

ನಮ್ಮ ರಾಯಚೂರು, ದೇವದುರ್ಗ, ಮಾನ್ವಿಗಳ ಹೆಣ್ಣುಮಕ್ಕಳಲ್ಲಿ ದಾದಿಯರ ಶಿಕ್ಷಣವನ್ನು ಅರಸಿ ಹೋಗುವವರು ಉಂಟು. ದಾದಿಯರ ದಿನವೆಂದು ಜಗತ್ತು ಆಚರಿಸುವ ಮೇ 12 ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನ. ದೀಪಧಾರಿಣಿಯೆಂದು ಪಠ್ಯಪುಸ್ತಕಗಳು ಆಕೆಯನ್ನು ಕೊಂಡಾಡಿದ್ದೇ ಬಹಳ; ಆಕೆಯ ಇನ್ನೊಂದು ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನು ನೋಡಿದವರು ವಿರಳ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನದಲ್ಲಿ ಈಕೆ ಜನಿಸಿದಳು. ತಂದೆಯೇ ವಿದ್ಯಾಗುರು. ರೋಗಿಗಳ ಸೇವೆಗೆ ಮನೆಯವರ ವಿರೋಧವಿದ್ದರೂ ಹಟ ಬಿಡಲಿಲ್ಲ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದಳು. ಪಥ್ಯ, ಬಟ್ಟೆ, ಹಾಸಿಗೆಗಳಿಗಾಗಿ ಹಗಲಿರುಳು ಶ್ರಮಿಸಿದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿದ ಬಳಿಕವೇ ಅದು ಕುಸಿಯಿತು. ಯುದ್ಧಾನಂತರ ವಿಲಿಯಂ ಫಾರ್ ಎಂಬ ಅಂಕಿಶಾಸ್ತ್ರಜ್ಞನೊಡನೆ ಕುಳಿತು ಎಣಿಸಿದಾಗ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಮಡಿದರೆಂಬುದು ಸ್ಪಷ್ಟವಾಯಿತು. ತಾನು ಜೀವ ತೇಯ್ದ ಆಸ್ಪತ್ರೆಯ ಸಾವುಗಳನ್ನು ಆಕೆ ಬಚ್ಚಿಡಲಿಲ್ಲ. ಬಣ್ಣದ ಚಿತ್ರಗಳಲ್ಲಿ ಬಿಡಿಸಿ ಆಳುವವರ ಮುಂದಿಟ್ಟಳು. ಛಂದಸ್ಸಿನ ಪಾಠ ಹೇಳುವ ನನ್ನಂಥವನಿಗೆ ತಿಳಿದದ್ದು ಮಾತ್ರೆ, ಗಣಗಳ ಎಣಿಕೆ ಮಾತ್ರ. ಪ್ರಾಣಗಳ ಎಣಿಕೆಗೆ ಬೇರೆಯೇ ಧೈರ್ಯ ಬೇಕು.

1859ರಲ್ಲಿ ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ರಾಜ ಆಯೋಗವು ನೇಮಕವಾಯಿತು. ನಮ್ಮ ರಾಯಚೂರು ದೋಆಬು ಆಗ ಬ್ರಿಟಿಷರ ವಶದಲ್ಲಿದ್ದು, ಮರುವರ್ಷ ನಿಜಾಮನಿಗೆ ಹಿಂತಿರುಗಿತು. ಭಾರತದ ನೆಲವನ್ನು ಎಂದೂ ಮೆಟ್ಟದ ಈಕೆ, ರೋಗಶಯ್ಯೆಯಲ್ಲಿದ್ದುಕೊಂಡೇ ಇಲ್ಲಿನ ದಂಡುಪ್ರದೇಶಗಳ ವರದಿಗಳನ್ನು ತರಿಸಿ ಶೋಧಿಸಿದಳು. ಗೋರಾ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ದಾದಿಯರ ಶಾಲೆಯನ್ನು ಎಲ್ಲರೂ ಬಲ್ಲರು. ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕೆಂದು ತಾನೇ ಮುಂದಾಗಿ ಏರ್ಪಡಿಸಿದ್ದ ಹೆರಿಗೆ ವಾರ್ಡಿನ ಕಥೆ ಅಷ್ಟು ಪ್ರಸಿದ್ಧವಲ್ಲ. ಅಲ್ಲಿ ಬಾಣಂತಿಜ್ವರ ಹಬ್ಬಿತು. ಮನೆಯಲ್ಲಿ ಹೆತ್ತವರಲ್ಲಿ ಸಾವಿರಕ್ಕೆ ಸುಮಾರು 5 ಸಾವಾದರೆ, ಈ ವಾರ್ಡಿನಲ್ಲಿ 30ಕ್ಕೂ ಹೆಚ್ಚು! ದಾದಿಯರ ಶ್ರದ್ಧೆಗೆ ಕುಂದಿರಲಿಲ್ಲ, ವೈದ್ಯರ ಖ್ಯಾತಿಗೂ ಕುಂದಿರಲಿಲ್ಲ. ಆದರೂ ತಾಯಂದಿರು ಸತ್ತರು. 1867ರಲ್ಲಿ ವಾರ್ಡು ಮುಚ್ಚಿತು. ನಾಲ್ಕು ವರ್ಷ ಅಂಕಿಗಳನ್ನು ಸಂಗ್ರಹಿಸಿ, 1871ರಲ್ಲಿ ಆಕೆ ಅದನ್ನೇ ವಿಷಯವಾಗಿಸಿ ಗ್ರಂಥ ಪ್ರಕಟಿಸಿದಳು. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ ಈ ಗ್ರಂಥದ ನೆನಪು ನನ್ನನ್ನು ಬಹುವಾಗಿ ಕಾಡಿತು.

1910ರ ಆಗಸ್ಟ್ 13ರಂದು ಆಕೆ ತೀರಿಕೊಂಡಳು. ರಾಜಮಹಾರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸಮಾಧಿಯನ್ನು ಬಂಧುಗಳು ಒಲ್ಲೆನೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಆ ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರೂ ಇಲ್ಲ. ಎರಡು ಅಕ್ಷರ, ಎರಡು ದಿನಾಂಕ ಮಾತ್ರ.